ಎರಡು ದಿನದೊಳಗೆ ಎಲ್ಲರ ಮನೆಯ ಸಮಾರಂಭ: ಯಾವುದಕ್ಕೆ ಹೋಗುತ್ತೀರಿ, ಯಾವುದನ್ನು ಬಿಡುತ್ತೀರಿ?

ಕತ್ತರಿಗುಪ್ಪೆಯವಳು, ಸೋಮವಾರ ರಾತ್ರಿ

ಉತ್ಥಾನ ದ್ವಾದಶಿ ಕಳೆಯಿತೆಂದರೆ ನಮ್ಮ ಮನೆಯ ಫ್ರಿಜ್ ಬಾಗಿಲಿನ ತುಂಬ ಲಗ್ನಪತ್ರಿಕೆಗಳು. ತುಳಸಿಯ ಮದುವೆ ಆದ ಮೇಲೆಯೇ ಮನುಷ್ಯರ ಮದುವೆಗೆ ಅಪ್ಪಣೆ. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಬಂತೆಂದರೆ ಮತ್ತೆ ಸಂಕ್ರಾಂತಿಯವರೆಗೆ ಓಲಗ ಬಂದ್. ನಡುವೆ ಸಿಗುವುದು ನಾಲ್ಕರಿಂದ ಆರು ವಾರ. ಅದರಲ್ಲೂ ಹುಡುಗ, ಹುಡುಗಿ ಇಬ್ಬರೂ ಕಂಪನಿ ಕೆಲಸದವರಾದರೆ ಬಂಧುಗಳಿಗೂ ಸ್ನೇಹಿತರಿಗೂ ಒಗ್ಗುವುದು ಶನಿವಾರ, ಭಾನುವಾರ ಮಾತ್ರ. ಬುಧವಾರ ಒಳ್ಳೆಯ ಲಗ್ನವಿದೆ ಎಂದು ಪುರೋಹಿತರು ಹೇಳಿದರೂ ಕಿವಿಗೆ ಹಾಕಿಕೊಳ್ಳುವವರಿಲ್ಲ. ವರ್ಷವೆಲ್ಲ ಹರಡಿಕೊಳ್ಳಬೇಕಾದ ನೆಂಟರ ಭೇಟಿ, ಸ್ನೇಹಿತರ ಭೇಟಿ ಎಲ್ಲವೂ ಈ ಕೆಲವು ವಾರಾಂತ್ಯಗಳ ಮೇಲೆ ಬಂದು ಬೀಳುತ್ತದೆ.

ಕಳೆದ ಶನಿವಾರ ಕೆಂಗೇರಿ ಉಪನಗರದಲ್ಲಿ ಯಜಮಾನರ ಸಹೋದ್ಯೋಗಿಯ ಗೃಹಪ್ರವೇಶ. ಅಲ್ಲಿಂದ ಗಾಂಧಿ ಬಜಾರಿಗೆ, ಕಾಲೇಜಿನ ಗೆಳತಿಯರ ಜೊತೆ ದೋಸೆ ತಿನ್ನಲು. 1943ರಿಂದ ಇರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಶುಕ್ರವಾರದ ಹಸಿವನ್ನೂ ಸೇರಿಸಿಕೊಂಡು ಶನಿವಾರ ಜನ ಬರುತ್ತಾರೇನೋ! ಹೆಸರು ಬರೆಸಿ ಫುಟ್‌ಪಾತಿನ ಮೇಲೆ ನಿಂತೆವು. ನಿಜ ಹೇಳಬೇಕೆಂದರೆ ನಮ್ಮ ಭೇಟಿ ನಡೆದದ್ದು ಆ ಫುಟ್‌ಪಾತಿನ ಮೇಲೆಯೇ. ಒಬ್ಬಳ ವರ್ಗಾವಣೆ, ಇನ್ನೊಬ್ಬಳ ಅಮ್ಮನ ಮಂಡಿ ಚಿಕಿತ್ಸೆ, ಮಗದೊಬ್ಬಳು ಕೆಲಸ ಬಿಡುವ ಯೋಚನೆ, ಎಲ್ಲವೂ ಅಲ್ಲಿಯೇ ಬಂದುಹೋದವು. ಒಳಗೆ ಹೋದ ಮೇಲೆ ಕೈಯುದ್ದಕ್ಕೂ ತಟ್ಟೆ ಪೇರಿಸಿಕೊಂಡು ದೋಸೆ ತರುವವರನ್ನು ನೋಡುವುದೇ ಆಯಿತು, ತಿಂದೆವು, ಹಿಂದಿನವರಿಗೆ ಮೇಜು ಬಿಟ್ಟುಕೊಟ್ಟು ಎದ್ದೆವು.

ಸಂಜೆ ಆರತಕ್ಷತೆ. ಬೆಂಗಳೂರಿನ ಆರತಕ್ಷತೆ ಗೊತ್ತಲ್ಲ? ಹಾಲ್‌ನ ಬಾಗಿಲಿನಿಂದ ವೇದಿಕೆಯವರೆಗೆ ಸಾಲು. ವಾದ್ಯವೃಂದದ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಸಾಲು ಮುಂದೆ ಸರಿದು ಸರಿದು ವೇದಿಕೆ ಹತ್ತಿದರೆ ಮದುಮಗನಿಗೆ ನಾವು ಯಾರೆಂದು ತಿಳಿಯದು. ಅವನ ತಂದೆ ಹೇಳುವಷ್ಟರಲ್ಲಿ ಛಾಯಾಗ್ರಾಹಕ ‘ಇಲ್ಲಿ ನೋಡಿ’ ಎನ್ನುತ್ತಾನೆ. ಲಕೋಟೆ ಕೊಟ್ಟು ಇಳಿದರೆ ಊಟದ ಮನೆಯಲ್ಲಿ ಎರಡನೆಯ ಕಾಯುವಿಕೆ. ಎಲೆಯ ಮುಂದೆ ಕುಳಿತು ಮಜ್ಜಿಗೆಗೆ ಬಂದವರ ಬೆನ್ನ ಹಿಂದೆ ನಿಂತು, ಅವರ ಕುರ್ಚಿಯ ಮೇಲೆ ಕೈ ಇಟ್ಟು, ಅವರು ಯಾವಾಗ ಏಳುತ್ತಾರೆ ಎಂದು ಕಾಯುವುದು. ನಾವು ಉಣ್ಣುವಾಗ ನಮ್ಮ ಬೆನ್ನಿಗೂ ಯಾರೋ ನಿಂತಿದ್ದರು. ಚಿರೋಟಿಗೆ ಬಾದಾಮಿ ಹಾಲು ಹಾಕಿಸಿಕೊಂಡು ನೆಮ್ಮದಿಯಾಗಿ ತಿನ್ನಲೂ ನಾಚಿಕೆ. ಇಷ್ಟಕ್ಕಾಗಿ ರಂಗಶಂಕರದಲ್ಲಿ ಮೊದಲೇ ಕಾದಿರಿಸಿದ್ದ ನಾಟಕದ ಟಿಕೆಟ್ಟನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟಿದ್ದೆ.

ಭಾನುವಾರ ಮೈಸೂರಿನಲ್ಲಿ ದೊಡ್ಡಪ್ಪನ ಮೊಮ್ಮಗಳ ಧಾರೆ. ಕತ್ತಲಿರುವಾಗಲೇ ಹೊರಟು ಏಳು ಗಂಟೆಯೊಳಗೆ ಛತ್ರದಲ್ಲಿದ್ದೆವು. ಇನ್ನೂ ಯಾರೂ ಬಂದಿರಲಿಲ್ಲ. ದೊಡ್ಡಮ್ಮ ನನ್ನನ್ನು ನೋಡಿದವರೇ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ತಾಂಬೂಲದ ಚೀಲಗಳ ಮುಂದೆ ಕೂರಿಸಿದರು. ತೆಂಗಿನಕಾಯಿ, ಎಲೆ, ಅಡಿಕೆ, ಅರಿಸಿನ ಕುಂಕುಮದ ಪೊಟ್ಟಣ. ವರ್ಷಗಳಿಂದ ಮುಖ ನೋಡದ ಅಕ್ಕತಂಗಿಯರೆಲ್ಲ ಒಬ್ಬೊಬ್ಬರಾಗಿ ಬಂದು ಅಲ್ಲಿಯೇ ಕುಳಿತರು. ಯಾರ ಮಗ ಯಾವ ಊರಿನಲ್ಲಿದ್ದಾನೆ, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾವ ಜಮೀನಿನ ವ್ಯಾಜ್ಯ ಎಲ್ಲಿಗೆ ಬಂತು ಎಲ್ಲವೂ ತಿಳಿಯಿತು. ಮದುಮಗಳೇ ಜಡೆ ಅರ್ಧ ಹೆಣೆಸಿಕೊಂಡು ಒಮ್ಮೆ ಓಡಿ ಬಂದು ನಮ್ಮನ್ನು ನೋಡಿಕೊಂಡು ಹೋದಳು.

ಸಂಜೆ ಊರಿಗೆ ಮರಳುವ ಹೊತ್ತಿಗೆ ನನಗೆ ಕಾಲು ಎಳೆಯಲೂ ಶಕ್ತಿ ಇರಲಿಲ್ಲ. ಆದರೆ ನಮ್ಮ ಅತ್ತೆಗೆ ಕಡಲೆಕಾಯಿ ಪರಿಷೆ ತಪ್ಪಕೂಡದು. ಕಾರ್ತಿಕದ ಕೊನೆಯ ಸೋಮವಾರ ಪರಿಷೆ ಎನ್ನುತ್ತಾರೆಯೇ ಹೊರತು ಈಗ ಶನಿವಾರಕ್ಕೇ ಬಸವನಗುಡಿಯ ರಸ್ತೆ ತುಂಬಿರುತ್ತದೆ. ಬನಶಂಕರಿಯಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದು ನಿಧಾನಕ್ಕೆ ನಡೆದೆವು. ಎಪ್ಪತ್ತು ದಾಟಿದ ಅತ್ತೆ ನಾಲ್ಕಾರು ರಾಶಿ ನೋಡಿ, ಕಾಯಿ ಒಡೆದು ರುಚಿ ನೋಡಿ, ಸೇರಿನ ಲೆಕ್ಕದಲ್ಲಿ ಕೊಂಡು, ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಂಡರು. ನಾನು ಬೇಯಿಸಿದ್ದು ತಿಂದೆ.

ಈಗ ನನ್ನ ಪ್ರಶ್ನೆ. ಇನ್ನು ಮೇಲೆ ಆರತಕ್ಷತೆಗಳನ್ನು ಬಿಡಬೇಕೆಂದಿದ್ದೇನೆ. ಹತ್ತಿರದವರ ಮನೆಯ ಕೆಲಸವಾದರೆ ಬೆಳಿಗ್ಗೆಯೇ ಹೋಗಿ ಕೈಜೋಡಿಸುವುದು. ಉಳಿದವರಿಗೆ ಮೊದಲೇ ಫೋನ್ ಮಾಡಿ ಹೇಳಿ, ಮದುವೆಯ ಗಲಾಟೆ ಮುಗಿದ ಮೇಲೆ ಹೊಸ ಜೋಡಿಯ ಮನೆಗೆ ಹೋಗಿ ಉಡುಗೊರೆ ಕೊಟ್ಟು ಬರುವುದು. ಯಜಮಾನರು ‘ಕರೆದವರಿಗೆ ಅವಮಾನ’ ಎನ್ನುತ್ತಾರೆ. ನೀವು ಏನು ಹೇಳುತ್ತೀರಿ?

ನಿವೃತ್ತ ಮೇಷ್ಟ್ರು

ನಿಮ್ಮ ಯಜಮಾನರ ಪಕ್ಷ ನಾನು. ತಾಂಬೂಲದ ಚೀಲ ತುಂಬಿದ್ದು ನಿಮಗೆ ಸುಖ ಕೊಟ್ಟಿತು, ಸರಿ. ಆದರೆ ಸಮಾರಂಭ ನಡೆಯುವುದು ಬಂದವರ ಸುಖಕ್ಕೆ ಮಾತ್ರವೇ? ಮಗಳ ಮದುವೆ ಮಾಡಿದ ತಂದೆಯನ್ನು ಕೇಳಿ. ಆ ರಾತ್ರಿ ಛತ್ರ ಖಾಲಿಯಾದ ಮೇಲೆ ಗಂಡ ಹೆಂಡತಿ ಕುಳಿತು ಮಾತನಾಡುವುದೇ ಅದನ್ನು: ಅವರು ಬಂದಿದ್ದರು, ಇವರು ಬರಲಿಲ್ಲ. ನಾನು ಶಾಲೆಯಲ್ಲಿ ಪಾಠ ಮಾಡಿದ ಹುಡುಗರು ನನ್ನ ಮಗಳ ಆರತಕ್ಷತೆಗೆ ದೂರದ ಊರುಗಳಿಂದ ಬಂದು ಸಾಲಿನಲ್ಲಿ ನಿಂತು, ವೇದಿಕೆಯ ಮೇಲೆ ಒಂದು ಕ್ಷಣ ಕೈಮುಗಿದು ಹೋದರು. ಮಾತಿಲ್ಲ, ಕತೆಯಿಲ್ಲ. ಆ ಒಂದು ಕ್ಷಣದ ಬೆಲೆ ನಿಮಗೆ ಫೋಟೋ ಮಾತ್ರ ಅನಿಸಬಹುದು.

ಇನ್ನು ಪರಿಷೆಯ ವಿಚಾರ. ಸುಂಕೇನಹಳ್ಳಿಯ ಹೊಲದಲ್ಲಿ ಕಡಲೆಕಾಯಿ ಮೇಯುತ್ತಿದ್ದ ಬಸವನನ್ನು ರೈತ ಹೊಡೆದ, ಅದು ಕಲ್ಲಾಯಿತು, ಕೆಂಪೇಗೌಡರು 1537ರಲ್ಲಿ ಗುಡಿ ಕಟ್ಟಿಸಿದರು ಎಂಬ ಕತೆಯನ್ನು ಎಲ್ಲರೂ ಹೇಳುತ್ತಾರೆ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಇತ್ತ ಬಂದ ಬೆಳೆ ಅಷ್ಟು ಬೇಗ ಬೆಂಗಳೂರಿನ ಹೊಲಕ್ಕೆ ಇಳಿದಿತ್ತು ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಬಸವ ಮೇದದ್ದು ಬೇರೆ ಯಾವುದೋ ಬೆಳೆ ಇರಬೇಕು. ಇದು ವಿಷಯಾಂತರ, ಆದರೂ ಹೇಳದೆ ಇರಲಾಗಲಿಲ್ಲ.

ರಂಗಾಸಕ್ತ

ಮೇಷ್ಟ್ರೇ, ಬಸವನಿಗೆ ಏನು ಮೇಯಿಸಿದರೂ ಪರಿಷೆಯಲ್ಲಿ ನಾವು ತಿನ್ನುವುದು ಕಡಲೆಕಾಯಿಯನ್ನೇ.

ಕತ್ತರಿಗುಪ್ಪೆಯವರೇ, ನಾಟಕದ ಟಿಕೆಟ್ ಬೇರೆಯವರಿಗೆ ಕೊಟ್ಟಿದ್ದು ಓದಿ ಹೊಟ್ಟೆ ಉರಿಯಿತು. ರಂಗಶಂಕರ 2004ರಲ್ಲಿ ಶುರುವಾದಾಗಿನಿಂದ ಒಂದು ನಿಯಮ ಇಟ್ಟುಕೊಂಡಿದೆ: ನಾಟಕ 7:30ಕ್ಕೆ ಎಂದರೆ 7:30ಕ್ಕೆ, ತಡವಾದವರಿಗೆ ಒಳಗೆ ಪ್ರವೇಶವಿಲ್ಲ. ಬೆಂಗಳೂರಿನ ಟ್ರಾಫಿಕ್ ಕಾರಣ ಅಲ್ಲಿ ನಡೆಯುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ರೇಷ್ಮೆ ಸೀರೆ ಉಟ್ಟು ಬಂದ ದಂಪತಿ ಅಂಗಲಾಚುವುದನ್ನು ನಾನು ಕಂಡಿದ್ದೇನೆ. ಯಾವುದೋ ಆರತಕ್ಷತೆಯಲ್ಲಿ ಮುಖ ತೋರಿಸಿ ಓಡಿ ಬಂದವರು ಎಂದು ಸೀರೆಯೇ ಹೇಳುತ್ತಿತ್ತು. ಕೊನೆಗೆ ಅವರು ಅಲ್ಲಿನ ಕೆಫೆಯಲ್ಲಿ ಸಾಬೂದಾನಿ ವಡೆ ತಿಂದು ಹೋದರು. ಮದುವೆ ಮನೆಯವರೂ ಹೀಗೆ ಗಡಿಯಾರ ನೋಡಿ ಬಾಗಿಲು ಹಾಕಿದರೆ ಒಂದೇ ತಿಂಗಳಲ್ಲಿ ಊರಿನ ಆರತಕ್ಷತೆಗಳೆಲ್ಲ ಸರಿಹೋಗುತ್ತವೆ. ಸಮಯ ಹೇಳುವುದು ಆರೂವರೆ, ಮದುಮಕ್ಕಳು ಅಲಂಕಾರ ಮುಗಿಸಿ ವೇದಿಕೆಗೆ ಬರುವುದು ಎಂಟು. ಸಾಲು ಬೆಳೆಯದೆ ಏನಾಗುತ್ತದೆ?

ಹುಬ್ಬಳ್ಳಿಯಿಂದ

ಈ ಸಾಲಿನ ಕಷ್ಟವನ್ನು ನಾನು ಬೆಂಗಳೂರಿಗೆ ಬಂದ ಮೇಲೆಯೇ ಕಂಡದ್ದು. ನಮ್ಮ ಕಡೆ ಅಕ್ಷತೆಯ ವೇಳೆಗೆ ಎಲ್ಲರೂ ಮಂಟಪದಲ್ಲಿ ಇರುತ್ತಾರೆ. ಎಲ್ಲರ ಕೈಗೂ ಅಕ್ಕಿಕಾಳು ಬರುತ್ತದೆ, ಮಂತ್ರ ಮುಗಿಯುತ್ತಿದ್ದಂತೆ ಕುಳಿತಲ್ಲಿಂದಲೇ, ನಿಂತಲ್ಲಿಂದಲೇ ಹಾಕುತ್ತಾರೆ, ಆಶೀರ್ವಾದ ಆಯಿತು. ಒಂದೇ ಗಳಿಗೆಯಲ್ಲಿ ಸಾವಿರ ಜನರ ಕೆಲಸ ಮುಗಿಯಿತು. ಆಮೇಲೆ ಊಟ. ಆಹೇರು, ಅಂದರೆ ಉಡುಗೊರೆ, ಮಾಡುವ ಹತ್ತಿರದ ಬಂಧುಗಳು ಮಾತ್ರ ಮೇಲೆ ಹೋಗುತ್ತಾರೆ. ಒಬ್ಬೊಬ್ಬರನ್ನೂ ವೇದಿಕೆ ಹತ್ತಿಸಿ ಇಳಿಸುವ ಪದ್ಧತಿ ಈಗೀಗ ಅಲ್ಲಿಗೂ ಬಂದಿದೆ, ಬೇಡವೆಂದರೂ ಬರುತ್ತದೆ. ಆದರೂ ಮಧ್ಯಾಹ್ನ ಎರಡು ಮೂರು ಗಂಟೆಗೆ ಊಟ ಮುಗಿಸಿ ಹೊರಬಿದ್ದರೆ ಸಂಜೆ ನಮ್ಮದು. ಉಣಕಲ್ ಕೆರೆಯ ದಂಡೆಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಯಾರದಾದರೂ ಮನೆಗೆ ಚಹಾಕ್ಕೆ ಹೋಗಬಹುದು.

ಎರಡು ಮಕ್ಕಳ ತಾಯಿ

ಎಲ್ಲರೂ ಹೋಗುವ, ಬಿಡುವ ಮಾತನಾಡುತ್ತಿದ್ದೀರಿ. ಹೊರಡಿಸುವವರ ಮಾತು ಯಾರೂ ಆಡಲಿಲ್ಲ.

ಒಂದು ವಾರಾಂತ್ಯಕ್ಕೆ ನಾಲ್ಕು ಕಡೆ ಹೋಗಬೇಕಾದರೆ ನಮ್ಮ ಮನೆಯಲ್ಲಿ ಮಂಗಳವಾರದಿಂದಲೇ ಕೆಲಸ ಶುರು. ಸೀರೆಗೆ ಫಾಲ್ ಹಾಕಿಸಿಲ್ಲ, ರವಿಕೆ ಬಿಗಿಯಾಗಿದೆ, ಮಗನ ಜುಬ್ಬಾ ಕಳೆದ ವರ್ಷದ್ದು ಮೊಣಕಾಲಿಗೂ ಬರುವುದಿಲ್ಲ. ಆ ಮನೆಯವರು ನಮ್ಮ ಗೃಹಪ್ರವೇಶಕ್ಕೆ ಏನು ಕೊಟ್ಟಿದ್ದರು ಎಂಬುದನ್ನು ನಾನೇ ನೆನಪಿಟ್ಟಿರಬೇಕು, ಅದಕ್ಕೆ ಸರಿಯಾಗಿ ಬೆಳ್ಳಿಯ ಕುಂಕುಮದ ಬಟ್ಟಲೋ ಲಕೋಟೆಯೋ ತೀರ್ಮಾನವಾಗಬೇಕು. ಮಾವನವರ ಮಾತ್ರೆಯ ಡಬ್ಬಿ, ಚಿಕ್ಕವಳಿಗೆ ಬದಲು ಬಟ್ಟೆ, ಕಾರಿನಲ್ಲಿ ವಾಂತಿಯಾದರೆ ಎಂದು ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ. ಯಜಮಾನರು ಕಾರು ಹೊರಗೆ ತೆಗೆದು ‘ಇನ್ನೂ ಆಗಲಿಲ್ಲವೇ’ ಎಂದು ಹಾರ್ನ್ ಹೊಡೆಯುತ್ತಾರೆ. ಅವರ ಪಾಲಿನ ಸಿದ್ಧತೆ ಅಷ್ಟೇ. ಛತ್ರಕ್ಕೆ ಹೋದ ಮೇಲೆ ಎಲ್ಲರೂ ಅವರನ್ನು ‘ಎಷ್ಟು ಚೆನ್ನಾಗಿ ಎಲ್ಲರನ್ನೂ ಕರೆದುಕೊಂಡು ಬಂದಿದ್ದೀರಿ’ ಎಂದು ಹೊಗಳುತ್ತಾರೆ. ಸೋಮವಾರ ಬೆಳಿಗ್ಗೆ ಡ್ರೈಕ್ಲೀನಿಂಗ್ ಅಂಗಡಿಯ ಮುಂದೆ ಮತ್ತೆ ನಾನೇ.

ಕತ್ತರಿಗುಪ್ಪೆಯ ಅಕ್ಕ, ನೀವು ಆರತಕ್ಷತೆ ಬಿಡುತ್ತೇನೆ ಎಂದಿರಿ. ನಾನು ಇನ್ನೂ ಮುಂದೆ ಹೋಗಿ, ಒಂದು ದಿನಕ್ಕೆ ಒಂದೇ ಮನೆ ಎಂದು ಹೇಳಿಬಿಟ್ಟಿದ್ದೇನೆ. ಎರಡನೆಯ ಮನೆಗೆ ಹೋಗಲೇಬೇಕೆಂದರೆ ಯಜಮಾನರು ಒಬ್ಬರೇ ಹೋಗಲಿ, ಅವರ ಅಂಗಿಗೆ ಅವರೇ ಇಸ್ತ್ರಿ ಹಾಕಿಕೊಳ್ಳಲಿ. ಅಂದಿನಿಂದ ಅವರಿಗೂ ಎರಡನೆಯ ಮನೆಯ ನೆಂಟಸ್ತಿಕೆ ಅಷ್ಟೇನೂ ಹತ್ತಿರದ್ದು ಅನಿಸುತ್ತಿಲ್ಲ!

ಮಂಡ್ಯದ ಮಾವ

ತಂಗೀ, ನಿನ್ನ ಕೊನೆಯ ಸಾಲಿಗೆ ನಮ್ಮ ಮನೆಯಾಕೆ ಬಿದ್ದು ಬಿದ್ದು ನಕ್ಕಳು.

ನಮ್ಮ ಕಡೆಯ ಲೆಕ್ಕ ಸ್ವಲ್ಪ ಬೇರೆ. ಮುಯ್ಯಿ ಎಂಬುದು ನಮ್ಮಲ್ಲಿ ಈಗಲೂ ಪುಸ್ತಕದಲ್ಲಿ ಬರೆಯುವ ವಿಷಯ. ಮಂಟಪದ ಬಾಗಿಲಲ್ಲಿಯೇ ಮೇಜು ಹಾಕಿ ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಹಣ ಎಣಿಸುತ್ತಾರೆ. ಹೆಸರು, ಊರು, ಮೊತ್ತ. ಅದನ್ನು ನಗರದವರು ವ್ಯಾಪಾರ ಎನ್ನುತ್ತಾರೆ. ಅಲ್ಲ, ಅದು ಮದುವೆ ಮಾಡಿ ಕೈ ಬರಿದಾದವನಿಗೆ ಊರು ಕೊಡುವ ಬಡ್ಡಿಯಿಲ್ಲದ ಸಾಲ. ಅವನ ಮನೆಯ ಕೆಲಸಕ್ಕೆ ನಾನು ಕೊಟ್ಟದ್ದು ನನ್ನ ಮನೆಯ ಕೆಲಸಕ್ಕೆ ಒಂದಿಷ್ಟು ಸೇರಿ ತಿರುಗಿ ಬರುತ್ತದೆ. ಹಾಗಾಗಿ ಹೋಗಲಾಗದಿದ್ದರೆ ಯಾರ ಕೈಯಲ್ಲಾದರೂ ಮುಯ್ಯಿ ಕಳುಹಿಸುತ್ತೇವೆ. ಹೆಸರು ಪುಸ್ತಕದಲ್ಲಿ ಬಿದ್ದರೆ ಕೋಪ ಇಲ್ಲ. ನಿಮ್ಮ ಯಜಮಾನರ ‘ಅವಮಾನ’ಕ್ಕೆ ನಮ್ಮ ಹಿರಿಯರು ಆಗಲೇ ದಾರಿ ಮಾಡಿಟ್ಟಿದ್ದಾರೆ.

ಆದರೆ ಬೀಗರ ಊಟಕ್ಕೆ ಮಾತ್ರ ಯಾರ ಕೈಯಲ್ಲಿ ಏನು ಕಳುಹಿಸಿದರೂ ನಡೆಯುವುದಿಲ್ಲ, ಬರಲೇಬೇಕು. ಸೋಮವಾರ, ಶನಿವಾರ ಬಾಡು ಮುಟ್ಟದವರು ಬಹಳ. ಅದರಲ್ಲೂ ಕಾರ್ತಿಕ ಸೋಮವಾರವೆಂದರೆ ಒಲೆಯ ಹತ್ತಿರಕ್ಕೂ ತರುವುದಿಲ್ಲ. ಆದ್ದರಿಂದ ಬೀಗರ ಊಟಗಳೆಲ್ಲ ಭಾನುವಾರಕ್ಕೇ ಬಂದು ಕೂರುತ್ತವೆ. ಕಳೆದ ಭಾನುವಾರ ಮದ್ದೂರಿನ ಹತ್ತಿರ ಒಂದು, ಪಾಂಡವಪುರದ ಹತ್ತಿರ ಇನ್ನೊಂದು. ಮೊದಲನೆಯದರಲ್ಲಿ ಮುದ್ದೆ ಮುಟ್ಟಲಿಲ್ಲ, ಹೊಟ್ಟೆ ಉಳಿಸಿಕೊಂಡು ಹೋದೆ. ಎರಡನೆಯ ಮನೆಯವರು ‘ಅಲ್ಲಿ ಉಂಡು ಬಂದಿದ್ದೀರಿ, ಎಲೆಯ ಮುಂದೆ ಕುಳಿತ ರೀತಿಯಲ್ಲಿಯೇ ಗೊತ್ತಾಗುತ್ತದೆ’ ಎಂದು ಮುನಿಸಿಕೊಂಡರು. ಮೇಷ್ಟ್ರು ಹೇಳಿದ ಮುಖ ತೋರಿಸುವ ಧರ್ಮ ಬಾಡೂಟಕ್ಕೆ ಅನ್ವಯಿಸುವುದಿಲ್ಲ.

ಕುಂದಾಪುರ ಕಡೆಯವನು

ನವೆಂಬರ್ ಬಂದರೆ ಕರಾವಳಿಯಲ್ಲಿ ಮದುವೆಯ ಜೊತೆಗೆ ಇನ್ನೂ ಎರಡು ಸೇರಿಕೊಳ್ಳುತ್ತವೆ. ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಕಂಬಳ ಶುರುವಾಗುತ್ತದೆ. ತೆಂಕು ಕಡೆಯ ದೊಡ್ಡ ಕಂಬಳಗಳು ಶನಿವಾರ ಆರಂಭವಾದರೆ ಮುಗಿಯುವುದು ಭಾನುವಾರವೇ. ಮದುವೆಯ ಊಟ ಮುಗಿಸಿ, ಸಂಜೆ ಹರಕೆಯ ಯಕ್ಷಗಾನ ಆಟ ಆಡಿಸುವ ಮನೆಯವರಿಗೆ ಮುಖ ತೋರಿಸಿ, ರಾತ್ರಿ ಕಂಬಳದ ಗದ್ದೆಯ ಬದಿಗೆ ಹೋಗಿ ನಿಲ್ಲುವವರಿದ್ದಾರೆ. ನಮ್ಮಲ್ಲಿ ಯಾರೂ ಇದನ್ನು ಕಷ್ಟ ಎಂದು ಹೇಳಿದ್ದು ಕೇಳಿಲ್ಲ. ಆಟದ ಮಧ್ಯೆ ನಿದ್ದೆ ಬಂದರೆ ಕುರ್ಚಿಯಲ್ಲಿಯೇ ತೂಕಡಿಸಬಹುದು, ಚೆಂಡೆಗೆ ಎಚ್ಚರವಾಗುತ್ತದೆ. ಬೆಂಗಳೂರಿನಲ್ಲಿ ತೊಂದರೆ ಇರುವುದು ಸಮಾರಂಭಗಳ ಸಂಖ್ಯೆಯಲ್ಲಿ ಎಂದು ನನಗೆ ಅನಿಸುವುದಿಲ್ಲ. ಕೆಂಗೇರಿಯಿಂದ ಗಾಂಧಿ ಬಜಾರಿಗೆ ಬರುವ ರಸ್ತೆಯಲ್ಲಿದೆ.

ದುಬೈನಿಂದ

ಇಲ್ಲಿ 2022ರ ಜನವರಿಯವರೆಗೆ ವಾರಾಂತ್ಯ ಶುಕ್ರವಾರ, ಶನಿವಾರ ಇತ್ತು. ಊರಿನ ಮದುವೆ ಭಾನುವಾರ ನಡೆದರೆ ನಾವು ಕಚೇರಿಯಲ್ಲಿ ಕುಳಿತು ಮೊಬೈಲಿನಲ್ಲಿ ಕದ್ದು ನೋಡುತ್ತಿದ್ದೆವು. ಈಗ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ ಕೆಲಸ. ನೇರಪ್ರಸಾರವನ್ನು ಮನೆಯ ಟಿವಿಯಲ್ಲಿ ಹಾಕಿಕೊಂಡು ಧಾರೆಯ ಹೊತ್ತಿಗೆ ಅಕ್ಷತೆಯನ್ನು ಟಿವಿಯ ಮೇಲೆಯೇ ಹಾಕುತ್ತೇವೆ. ಹೆಂಡತಿ ಆಮೇಲೆ ಗುಡಿಸುತ್ತಾಳೆ... ಇಲ್ಲ, ಮೇಲಿನ ತಾಯಿಯ ಬರಹ ಓದಿದ ಮೇಲೆ ಹೇಳುತ್ತೇನೆ, ಇನ್ನು ನಾನೇ ಗುಡಿಸುತ್ತೇನೆ.

ರಜೆಗೆ ಊರಿಗೆ ಬಂದಾಗ ನಮ್ಮ ಪಾಡು ಬೇರೆ. ಪ್ರತಿಯೊಬ್ಬರ ಮನೆಗೂ ಹೋಗಬೇಕು, ಪ್ರತಿ ಮನೆಯಲ್ಲೂ ಉಪ್ಪಿಟ್ಟು, ಕೇಸರಿಬಾತ್ ತಿನ್ನಬೇಕು. ಕಳೆದ ಸಲ ಬುದ್ಧಿ ಓಡಿಸಿ ಎಲ್ಲ ಬಂಧುಗಳನ್ನೂ ಒಂದು ಭಾನುವಾರ ತಮ್ಮನ ಮನೆಯ ತಾರಸಿಗೆ ಊಟಕ್ಕೆ ಕರೆದೆವು. ಚಿಕ್ಕವರಿಗೆಲ್ಲ ಖುಷಿ. ಆದರೆ ಇಬ್ಬರು ಸೋದರತ್ತೆಯರು ಇಂದಿಗೂ ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ. ‘ನಾವು ನಿನ್ನ ಊಟಕ್ಕೆ ಬಂದೆವು, ನೀನು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ’ ಎಂಬುದು ಅವರ ತಕರಾರು. ವಯಸ್ಸಾದವರ ಮನೆಗೆ ಹೋಗುವುದನ್ನು ಯಾವ ಸಮಾರಂಭದಲ್ಲೂ ವಜಾ ಮಾಡಿಕೊಳ್ಳಲು ಆಗುವುದಿಲ್ಲ ಎಂದು ತಿಳಿಯಿತು.

ಅಡುಗೆ ಮನೆತನ

ನಮ್ಮದು ತಲೆಮಾರಿನಿಂದ ಮದುವೆ ಅಡುಗೆಯ ಕೆಲಸ. ಒಲೆಯ ಕಡೆಯಿಂದ ಎರಡು ಮಾತು.

ಬಿಗಿ ಮುಹೂರ್ತದ ವಾರಾಂತ್ಯದಲ್ಲಿ ಎಷ್ಟು ಎಲೆ ಬೀಳುತ್ತದೆಂದು ದೇವರಿಗೂ ಹೇಳಲಾಗುವುದಿಲ್ಲ. ಅತಿಥಿ ಒಬ್ಬ, ಅದೇ ಸಂಜೆ ಅವನಿಗೆ ಕರೆ ಮೂರು ಕಡೆಯಿಂದ. ಮೂರು ಛತ್ರದ ಅಡುಗೆಯವರೂ ಅವನ ಹೆಸರಿನಲ್ಲಿ ಅಕ್ಕಿ ತೊಳೆದಿರುತ್ತಾರೆ. ಉಣ್ಣುವುದು ಒಂದು ಕಡೆ. ಹಾಗೆಂದು ಕಡಿಮೆ ಮಾಡಲು ಯಾವ ಯಜಮಾನನಿಗೂ ಧೈರ್ಯವಿಲ್ಲ. ಹುಳಿ, ಸಾರು ಕಡಿಮೆ ಬಿದ್ದರೆ ಹಿಗ್ಗಿಸಬಹುದು, ಅನ್ನ ಮತ್ತೆ ಇಡಬಹುದು. ಒಬ್ಬಟ್ಟು, ಚಿರೋಟಿ ಮುಗಿದುಹೋಯಿತು ಎಂದರೆ ಮದುವೆ ಮನೆಯ ಮರ್ಯಾದೆ ಹೋಯಿತು ಎಂದೇ ಲೆಕ್ಕ. ಆದ್ದರಿಂದ ಸಿಹಿಯನ್ನು ಯಾವಾಗಲೂ ಹೆಚ್ಚು ಮಾಡುತ್ತೇವೆ, ಉಳಿಯುವುದೂ ಅದೇ.

ಬಂದವರು ಊಟಕ್ಕೆ ನಿಲ್ಲದೆ ಹೋದರೆ ನಮಗೆ ಬೇಸರವಿಲ್ಲ, ಮುಂಚೆ ಗೊತ್ತಾದರೆ ಸಾಕು. ಕೆಟ್ಟದ್ದು ಯಾವುದೆಂದರೆ, ಎಲೆಗೆ ಕುಳಿತು, ಕೋಸಂಬರಿಯಿಂದ ಹಿಡಿದು ಗೊಜ್ಜಿನವರೆಗೆ ಎಲ್ಲವನ್ನೂ ಬಡಿಸಿಕೊಂಡು, ‘ಇನ್ನೊಂದು ಕಡೆ ಹೋಗಬೇಕು’ ಎಂದು ಚಿತ್ರಾನ್ನದ ಹೊತ್ತಿಗೇ ಎಲೆ ಮಡಚುವುದು. ಕತ್ತರಿಗುಪ್ಪೆಯ ಅಮ್ಮ ಹೇಳಿದ ಹಾಗೆ ಮೊದಲೇ ಫೋನ್ ಮಾಡಿ ಬರುವುದಿಲ್ಲ ಎನ್ನುವವರು ಕರೆದವರಿಗೆ ಅವಮಾನ ಮಾಡುತ್ತಿಲ್ಲ, ಒಂದು ಎಲೆ ಉಳಿಸುತ್ತಿದ್ದಾರೆ. ಆದರೆ ಹಿಂದಿನ ದಿನ ಬೆಳಿಗ್ಗೆಯೊಳಗೆ ಹೇಳಬೇಕು. ಸಂಜೆ ತರಕಾರಿ ಬಂದುಬಿಡುತ್ತದೆ.

ಇನ್ನೊಂದು ಗುಟ್ಟು. ಆರತಕ್ಷತೆಗೆ ಹೋಗಲೇಬೇಕಾದರೆ ಮೊದಲು ಊಟದ ಮನೆಗೆ ಬನ್ನಿ. ಮೊದಲ ಪಂಕ್ತಿಗೆ ಕುಳಿತವರಿಗೆ ಎಲ್ಲವೂ ಬಿಸಿ, ಬಡಿಸುವ ಹುಡುಗರಿಗೂ ಇನ್ನೂ ದಣಿವಾಗಿರುವುದಿಲ್ಲ. ಉಂಡು ಎದ್ದು ವೇದಿಕೆಗೆ ಹೋದರೆ ಹೊಟ್ಟೆ ತುಂಬಿದ ಮುಖ ಫೋಟೋದಲ್ಲಿಯೂ ಚೆನ್ನಾಗಿ ಬರುತ್ತದೆ. ಉಡುಗೊರೆ ಕೊಟ್ಟ ಮೇಲೆಯೇ ಉಣ್ಣಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಕತ್ತರಿಗುಪ್ಪೆಯವಳು

ಎಲ್ಲರಿಗೂ ವಂದನೆ. ಇಷ್ಟು ಜನ ಬರೆಯುತ್ತಾರೆಂದು ಅಂದುಕೊಂಡಿರಲಿಲ್ಲ.

ಮೇಷ್ಟ್ರೇ, ನಿಮ್ಮ ಶಿಷ್ಯರ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಅದು ನಿಜ. ಆದರೆ ಅವರು ಬಂದದ್ದು ನಿಮ್ಮನ್ನು ನೋಡಲು. ನಾನು ಹೇಳುತ್ತಿರುವುದು ಮದುಮಗನ ಹೆಸರನ್ನು ಛತ್ರದ ಹೂವಿನ ಫಲಕದಲ್ಲಿ ಓದಿ ತಿಳಿದುಕೊಳ್ಳಬೇಕಾದ ಕರೆಗಳ ಬಗ್ಗೆ. ಕಂಪನಿಯ ಮಿಂಚಂಚೆಯಲ್ಲಿ ಇಡೀ ವಿಭಾಗಕ್ಕೆ ಒಟ್ಟಾಗಿ ಬರುವ ಕರೆಗೆ ನಾನು ಹೋಗದಿದ್ದರೆ ಆ ತಂದೆ ತಾಯಿ ರಾತ್ರಿ ಕುಳಿತು ನನ್ನ ಹೆಸರು ಎತ್ತುತ್ತಾರೆಯೇ? ಮನೆಗೆ ಬಂದು ಅರಿಸಿನ ಕುಂಕುಮ ಕೊಟ್ಟು ಕರೆದವರ ಮಾತು ಬೇರೆ. ಅಲ್ಲಿಗೆ ಹೋಗುತ್ತೇನೆ, ಸಾಲಿನಲ್ಲಿಯೂ ನಿಲ್ಲುತ್ತೇನೆ. ಅಡುಗೆಯವರು ಹೇಳಿದಂತೆ ಮೊದಲು ಉಂಡೇ ನಿಲ್ಲುತ್ತೇನೆ.

ಕುಂದಾಪುರದವರೇ, ರಸ್ತೆಯ ಮಾತು ಒಪ್ಪಿದೆ. ಮೈಸೂರಿನಿಂದ ಬರುವಾಗ ದಶಪಥದಲ್ಲಿ ಬಂದ ಹೊತ್ತಿಗಿಂತ ಕುಂಬಳಗೋಡು ದಾಟಿ ಕೆಂಗೇರಿಯೊಳಗೆ ತೆವಳಿದ ಹೊತ್ತು ಹೆಚ್ಚು ಅನಿಸಿತು. ಹೋಗುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನೋಣವೆಂದರೆ, ಮೇಲಿನ ರಸ್ತೆ ಊರನ್ನೇ ಮುಟ್ಟದೆ ಹೊರಗಿನಿಂದ ಹೋಗಿಬಿಡುತ್ತದೆ, ತಿರುವು ದಾಟಿದ ಮೇಲೆಯೇ ನೆನಪಾಗುವುದು. ಹಳೆಯ ರಸ್ತೆಯಲ್ಲಿ ಎಲ್ಲ ಊರಿನಲ್ಲೂ ನಿಲ್ಲಿಸಿ, ಮದ್ದೂರಿನಲ್ಲಿ ವಡೆ ತಿಂದು, ಚನ್ನಪಟ್ಟಣದಲ್ಲಿ ಮಕ್ಕಳಿಗೆ ಬೊಂಬೆ ಕೊಡಿಸಿ ಹೋಗುತ್ತಿದ್ದ ಪ್ರಯಾಣವೇ ಒಂದು ತಿರುಗಾಟವಾಗಿತ್ತು. ಈಗ ಬೇಗ ಹೋಗುತ್ತೇವೆ, ಅಷ್ಟೇ.

ಎರಡು ಮಕ್ಕಳ ತಾಯಿಗೆ: ನಿಮ್ಮ ಬರಹವನ್ನು ಯಜಮಾನರಿಗೆ ಓದಿ ಹೇಳಿದೆ. ಏನೂ ಮಾತನಾಡದೆ ಎದ್ದು ಹೋಗಿ ತಮ್ಮ ಪಂಚೆ, ಶಲ್ಯ ಮಡಚಿಟ್ಟರು.

ಮೈಸೂರಿನ ಸೊಸೆ

ರಸ್ತೆಯ ಬದಲು ರೈಲು ಯಾಕೆ ಯಾರೂ ಹೇಳಲಿಲ್ಲ? ಮೈಸೂರಿನ ಮದುವೆಗಳಿಗೆ ನಾವು ರೈಲಿನಲ್ಲಿಯೇ ಹೋಗುತ್ತೇವೆ. ಮಕ್ಕಳಿಗೆ ಓಡಾಡಲು ಜಾಗ, ದೊಡ್ಡವರಿಗೆ ಶೌಚಾಲಯದ ಚಿಂತೆಯಿಲ್ಲ, ನೆಂಟರು ಅದೇ ಡಬ್ಬಿಯಲ್ಲಿ ಸಿಕ್ಕರೆ ಅರ್ಧ ಸಮಾರಂಭ ಅಲ್ಲಿಯೇ ಆಗುತ್ತದೆ. ಆದರೆ ಭಾನುವಾರ ಸಂಜೆ ಬೆಂಗಳೂರಿಗೆ ಮರಳುವ ರೈಲುಗಳಲ್ಲಿ ಕಾದಿರಿಸದೆ ಹತ್ತುವ ಸಾಹಸ ಬೇಡ. ಮುಂಜಾನೆಯ ರೈಲು ಹಿಡಿಯುವವರಿಗೆ ಒಂದು ಎಚ್ಚರಿಕೆ: ಭಾನುವಾರ ಮೆಟ್ರೋ ಶುರುವಾಗುವುದೇ ಏಳು ಗಂಟೆಗೆ, ಅದನ್ನು ನಂಬಿ ಮೆಜೆಸ್ಟಿಕ್‌ಗೆ ಹೊರಟರೆ ರೈಲು ಸಿಗುವುದಿಲ್ಲ.

ಇನ್ನೊಂದು ಮಾತು. ಭಾನುವಾರದ ಮದುವೆಗೆ ಬಂದವರು ಊಟ ಮುಗಿಸಿ ಮಧ್ಯಾಹ್ನವೇ ಓಡುತ್ತಾರೆ. ಭಾನುವಾರ ಸಂಜೆ ಏಳು ಗಂಟೆಗೆ ಅರಮನೆಯ ದೀಪ ಹಚ್ಚುತ್ತಾರೆ. ನಮ್ಮ ಮನೆಯ ಮದುವೆಯಲ್ಲಿ ಉಳಿದುಕೊಂಡ ಒಂದಿಷ್ಟು ಬಂಧುಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಹೊಸ ಅಳಿಯನೂ ಬಂದಿದ್ದ. ಛತ್ರದಲ್ಲಿ ಅವನ ಜೊತೆ ಯಾರೂ ಒಂದು ಮಾತನಾಡಿರಲಿಲ್ಲ, ಬಲರಾಮ ದ್ವಾರದ ಹತ್ತಿರ ಚುರುಮುರಿ ತಿನ್ನುತ್ತ ಎಲ್ಲರೂ ಅವನ ಪರಿಚಯ ಮಾಡಿಕೊಂಡರು.

ನಿವೃತ್ತ ಮೇಷ್ಟ್ರು

ಕತ್ತರಿಗುಪ್ಪೆಯವರೇ, ಮಿಂಚಂಚೆಯ ಕರೆಯನ್ನು ನಾನು ಕರೆ ಎಂದೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದನ್ನು ಬಿಡಿ, ಧಾರಾಳವಾಗಿ ಬಿಡಿ. ವಾಟ್ಸಾಪಿನಲ್ಲಿ ಬರುವ ಲಗ್ನಪತ್ರಿಕೆಯ ವಿಡಿಯೋವನ್ನು ಕರೆ ಎನ್ನಬಹುದೇ ಎಂಬ ಚರ್ಚೆಯನ್ನು ಇನ್ನೊಂದು ದಿನ ಇಟ್ಟುಕೊಳ್ಳೋಣ. ಅದರಲ್ಲಿ ನನ್ನ ಮಗನೂ ಆರೋಪಿ.

ರಂಗಾಸಕ್ತ

ಮಂಡ್ಯದ ಮಾವನವರೇ, ಮುಂದಿನ ಭಾನುವಾರ ನನ್ನ ಸ್ನೇಹಿತನ ಬೀಗರ ಊಟ ನಿಮ್ಮ ಕಡೆಯೇ, ಮಳವಳ್ಳಿ ರಸ್ತೆಯಲ್ಲಿ. ಜೀವನದಲ್ಲಿ ಮೊದಲ ಸಲ ಹೋಗುತ್ತಿದ್ದೇನೆ. ಪತ್ರಿಕೆಯಲ್ಲಿ 12 ಗಂಟೆ ಎಂದಿದೆ. ಬೆಂಗಳೂರಿನ ಲೆಕ್ಕದಲ್ಲಿ ಎರಡಕ್ಕೆ ಹೋದರೆ ನಡೆಯುತ್ತದೆಯೇ? ಏನು ಕೊಂಡೊಯ್ಯಬೇಕು?

ಮಂಡ್ಯದ ಮಾವ

ಹಸಿವು ಒಂದನ್ನೇ ತೆಗೆದುಕೊಂಡು ಹೋಗಿ, ಬೆಳಿಗ್ಗೆ ತಿಂಡಿ ಬೇಡ. ಮುಯ್ಯಿ ಮದುವೆಯಲ್ಲಿ ಕೊಟ್ಟಿದ್ದರೆ ಮತ್ತೆ ಬೇಡ. ಹನ್ನೆರಡೂವರೆಗೆ ಎಲೆಯ ಮುಂದೆ ಇರಿ. ಬೋಟಿ ಗೊಜ್ಜು, ಕೈಮ ಉಂಡೆ, ತಲೆಮಾಂಸ ಮೊದಲ ಎರಡು ಪಂಕ್ತಿಗೆ ಮುಗಿಯುತ್ತವೆ. ಎರಡು ಗಂಟೆಗೆ ಹೋದರೆ ಮುದ್ದೆಯ ಜೊತೆಗೆ ಸಾರು ಸಿಗುತ್ತದೆ, ಅದರೊಳಗೆ ತುಂಡು ಹುಡುಕಿಕೊಳ್ಳುವ ಕೆಲಸ ನಿಮ್ಮದು.